ಒಂದೇ ಒಲೆ, ಒಂದೇ ಪಂಕ್ತಿ

ನಮ್ಮ ವಿದ್ಯಾಲಯದ ಈ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಕನ್ನಡ ಪಂಡಿತನಾದ ನಾನು ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡಿರುವುದು ಅಡುಗೆಮನೆಯ ವಿಷಯ. ಒಲೆಯ ಮುಂದೆ ಒಂದು ದಿನವೂ ಕುಳಿತವನಲ್ಲದ ಪಂಡಿತನಿಗೆ ಈ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳಬಹುದು. ಅಡುಗೆ ಬಲ್ಲೆನೆಂಬ ಅಧಿಕಾರ ನನಗಿಲ್ಲ. ಉಂಡು ತಪ್ಪಿದವನ ಅಧಿಕಾರವೊಂದಿದೆ. ಆ ತಪ್ಪಿನ ಫಲವನ್ನು ನನಗಿಂತ ಹೆಚ್ಚಾಗಿ ನನ್ನ ಮನೆಯಾಕೆ ಅನುಭವಿಸಿದಳಾದುದರಿಂದ ಈ ಮಾತುಗಳನ್ನು ಬರೆಯುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಹಿಂದೆ ಚಿಕ್ಕೋಡಿ ತಾಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲೂಕಿಗೆ ಸೇರಿರುವ ಅಕ್ಕೋಳದಲ್ಲಿ ನಮ್ಮದು ಕೂಡುಕುಟುಂಬ. ವಯೋವೃದ್ಧೆಯಾದ ತಾಯಿ, ನಾವು ಇಬ್ಬರು ಅಣ್ಣತಮ್ಮಂದಿರು, ನಮ್ಮ ಹೆಂಡಂದಿರು, ಮಕ್ಕಳು, ಸೊಸೆ, ಮೊಮ್ಮಕ್ಕಳು ಎಲ್ಲ ಸೇರಿ ಹದಿಮೂರು ಜನ ಒಂದೇ ಸೂರಿನಡಿಯಲ್ಲಿ ಉಣ್ಣುತ್ತೇವೆ. ಐದು ವರುಷಗಳ ಹಿಂದೆ ನನಗೆ ಮಧುಮೇಹವಿದೆಯೆಂದು ವೈದ್ಯರು ತಿಳಿಸಿದರು. ಸಕ್ಕರೆಯನ್ನು ಬಿಡಬೇಕು, ಅನ್ನವನ್ನು ತಗ್ಗಿಸಬೇಕು, ಕಾಳು ಮತ್ತು ತೊಪ್ಪಲುಪಲ್ಲೆಗಳನ್ನು ಹೆಚ್ಚಿಸಬೇಕು ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಅಡುಗೆಗಳು ಆರಂಭವಾದವು. ಹನ್ನೆರಡು ಜನಕ್ಕೆ ಎಂದಿನ ಅನ್ನ-ಸಾರು-ರೊಟ್ಟಿ. ಯಜಮಾನರಿಗೆ ಬೇರೆ ಬೋಗುಣಿಯಲ್ಲಿ ಮೊಳಕೆಕಾಳಿನ ಉಸಳಿ, ಮೆಂತೆಯ ಪಲ್ಲೆ, ಸೌತೆಕಾಯಿಯ ಪಚ್ಚಡಿ. ನಾನು ಸಂತೋಷದಿಂದ ಉಂಡೆ. ರಕ್ತದಲ್ಲಿಯ ಸಕ್ಕರೆ ಇಳಿಯಿತು. ನನ್ನ ಸಂಯಮವನ್ನು ನಾನೇ ನಾಲ್ಕು ಜನರೆದುರು ಹೊಗಳಿಕೊಂಡದ್ದೂ ಉಂಟು.

ಒಂದೂವರೆ ವರುಷ ಕಳೆಯಿತು. ಮನೆಯಾಕೆಗೆ ಕಾಲಿನ ಗಾಯವೊಂದು ಮಾಯದೆ ಉಳಿಯಿತೆಂದು ವೈದ್ಯರಲ್ಲಿಗೆ ಕರೆದೊಯ್ದಾಗ, ಆಕೆಯ ರಕ್ತದಲ್ಲಿಯ ಸಕ್ಕರೆ ನನಗಿಂತಲೂ ಮೇಲಿರುವುದು ತಿಳಿದುಬಂದಿತು. ನಾನು ಬೆರಗಾಗಿ, “ನೀನು ಏನು ಉಣ್ಣುತ್ತಿದ್ದೆ?” ಎಂದು ಕೇಳಿದೆ. ಇಷ್ಟು ವರುಷಗಳಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು. ಆಕೆ ಹೇಳಿದಳು: “ನಿಮ್ಮದು ಬ್ಯಾರೆ ಮಾಡಿ, ಮಂದೀಗೆಲ್ಲಾ ನೀಡೂದ್ರಾಗ ಹೊತ್ತು ಮೀರತಿತ್ತರಿ. ಕಡೀಕ ಉಳದದ್ದು ಅನ್ನ, ಸಾರು. ಅದನ್ನ ಉಣತಿದ್ದೆ.” ಪಥ್ಯದ ಅಡುಗೆಯನ್ನು ದಿನವೂ ಮಾಡಿದ ಕೈಗೆ ಆ ಪಥ್ಯದ ಒಂದು ತುತ್ತೂ ಸಿಕ್ಕಿರಲಿಲ್ಲ. ಈ ಮಾತನ್ನು ಕೇಳಿ ನಾನು ತಲೆ ತಗ್ಗಿಸಿದೆ. ಈ ಲೇಖನದ ಅಭಿಪ್ರಾಯವೆಲ್ಲ ಆಕೆಯ ಆ ಮಾತಿನಿಂದ ಹುಟ್ಟಿದುದು.

ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಅರಿಕೆ ಮಾಡುತ್ತೇನೆ. ದೊಡ್ಡ ಕುಟುಂಬದಲ್ಲಿ ರೋಗಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂಬ ಪದ್ಧತಿ ಸಲ್ಲದು. ಪಿಷ್ಟವನ್ನು ತಗ್ಗಿಸಿದ ಹಿತವಾದ ಊಟ ಇಡೀ ಮನೆಯ ಊಟವಾಗಬೇಕು. ಒಂದೇ ಒಲೆಯಲ್ಲಿ ಬೇಯಬೇಕು, ಒಂದೇ ಪಂಕ್ತಿಯಲ್ಲಿ ಬಡಿಸಲ್ಪಡಬೇಕು. ಮನೆಗೆ ಒಪ್ಪುವ ಈ ಮಾತು ನಮ್ಮ ಪ್ರಸಾದನಿಲಯಕ್ಕೂ ಒಪ್ಪುತ್ತದೆ.

ಇದು ನಮ್ಮೊಂದು ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ರೋಗದ ಹೊಸ್ತಿಲಲ್ಲಿ ನಿಂತಿರುವವರು ಮತ್ತೆ 13 ಕೋಟಿ 60 ಲಕ್ಷ. ಅದೇ ಸಮೀಕ್ಷೆಯ ಆಹಾರಭಾಗದ ವರದಿ 2025ರಲ್ಲಿ ಹೊರಬಂದಿತು. ಭಾರತೀಯನು ಉಣ್ಣುವ ಊಟದ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆಂದು ಅದು ಹೇಳುತ್ತದೆ. ಅದರಲ್ಲಿ ಇನ್ನೊಂದು ಮಾತಿದೆ. ಉತ್ತರ ಕರ್ನಾಟಕದವರಾದ ನಾವು ಅದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬಿಳಿಯ ಅಕ್ಕಿಯನ್ನು ತೆಗೆದು ಅಷ್ಟೇ ಪ್ರಮಾಣದಲ್ಲಿ ಗೋಧಿಯನ್ನೋ ಸಿರಿಧಾನ್ಯವನ್ನೋ ಇಟ್ಟುದರಿಂದ ಮಾತ್ರ ಮಧುಮೇಹದ ಭಯ ತಗ್ಗಿದುದು ಕಂಡುಬಂದಿಲ್ಲ. ಪಿಷ್ಟದ ಒಂದು ಅಂಶವನ್ನು ತೆಗೆದು ಆ ಸ್ಥಾನದಲ್ಲಿ ಕಾಳು, ಹಾಲು ಮೊದಲಾದವುಗಳ ಸಸಾರಜನಕವನ್ನು ಇಟ್ಟವರಲ್ಲಿ ಆ ಭಯ ಕಡಿಮೆಯಾಗಿ ಕಂಡಿತು.

ವಿಶ್ವಸಂಸ್ಥೆ 2023ನೆಯ ವರುಷವನ್ನು ಸಿರಿಧಾನ್ಯ ವರ್ಷವೆಂದು ಸಾರಿದಂದಿನಿಂದ, “ನಾವು ಜೋಳದ ರೊಟ್ಟಿ ಉಣ್ಣುವವರು, ನಮಗೇಕೆ ರೋಗ?” ಎಂಬ ಹೆಮ್ಮೆಯ ಮಾತು ನಮ್ಮ ಭಾಗದಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ರೊಟ್ಟಿಯ ಮೇಲೆ ನನಗೂ ಅಭಿಮಾನವಿದೆ. ಆದರೆ ಅಭಿಮಾನವೇ ಪ್ರಮಾಣವಾಗದು. ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ ಇದ್ದರೆ, ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಇದೆ. ಜೋಳದಲ್ಲಿ ನಾರು ಹತ್ತು ಗ್ರಾಂನಷ್ಟಿದ್ದು ಅಕ್ಕಿಯಲ್ಲಿ ಮೂರು ಗ್ರಾಂ ಸಹ ಇಲ್ಲವೆಂಬುದು ಜೋಳದ ಹಿರಿಮೆ. ಆದರೂ ನಾಲ್ಕು ರೊಟ್ಟಿ ಉಂಡು ಮೇಲೆ ಅನ್ನವನ್ನು ಬಡಿಸಿಕೊಂಡವನನ್ನು ಆ ನಾರು ಕಾಯಲಾರದು. ಹಾಗಿದ್ದರೆ ನಮ್ಮ ಹಿರಿಯರನ್ನು ಕಾಯ್ದುದು ಯಾವುದು? ಹೊಲದ ದುಡಿಮೆ ಒಂದು. ರೊಟ್ಟಿಯ ಜೊತೆಗಿದ್ದುದು ಇನ್ನೊಂದು.

ಇಲ್ಲಿ ವಾಚಕರ ಅಪ್ಪಣೆ ಪಡೆದು ಪಂಡಿತನ ಪಾಡಿನ ಎರಡು ಮಾತು ಹೇಳುತ್ತೇನೆ. ಅಡುಗೆಯವನಿಗೆ ನಮ್ಮ ಕಾವ್ಯಗಳಲ್ಲಿ ‘ಸೂಪಕಾರ’ನೆಂದು ಹೆಸರು, ಅಡುಗೆಯ ವಿದ್ಯೆಗೆ ‘ಸೂಪಶಾಸ್ತ್ರ’ವೆಂದು ಹೆಸರು. ಸೂಪವೆಂದರೆ ಬೇಳೆಯನ್ನು ಬೇಯಿಸಿ ಮಾಡಿದ ತೊವ್ವೆ. ಅನ್ನದಿಂದಲ್ಲ, ರೊಟ್ಟಿಯಿಂದಲ್ಲ, ಬೇಳೆಯಿಂದ ಈ ವಿದ್ಯೆಗೆ ಹೆಸರು ಬಂದಿದೆ. ಎರಡನೆಯ ಚಾವುಂಡರಾಯನು ಕ್ರಿ. ಶ. 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದ ಆರು ಅಧ್ಯಾಯಗಳಲ್ಲಿ ಅರ್ಧದಷ್ಟು ಬದನೆ, ಬಾಳೆ, ಹಲಸು, ಕಳಲೆ ಮೊದಲಾದ ಶಾಕಪಾಕಗಳಿಗೇ ಸಂದಿದೆ.

ಇನ್ನೊಂದು ಶಬ್ದ ‘ವ್ಯಂಜನ’. ತರಗತಿಯಲ್ಲಿ ನಾವು ಸ್ವರ-ವ್ಯಂಜನಗಳನ್ನು ಕಲಿಸುತ್ತೇವೆ. ಊಟದ ಎಲೆಯ ಮೇಲೆ ಅನ್ನದ ಜೊತೆಗೆ ಬಡಿಸುವ ಪಲ್ಯ, ಕೋಸಂಬರಿ, ಚಟ್ನಿಗಳಿಗೂ ವ್ಯಂಜನವೆಂದೇ ಹೆಸರು. ಬರಿಯ ಸ್ವರಗಳನ್ನೇ ಒದರುತ್ತ ಹೋದರೆ ಅದು ಭಾಷೆಯಾಗುವುದಿಲ್ಲ, ಅಳುವಾಗುತ್ತದೆ. ನಮ್ಮ ಇಂದಿನ ತಾಟಿನ ಸ್ಥಿತಿಯೂ ಹಾಗೆಯೇ. ರೊಟ್ಟಿ, ಚಪಾತಿ, ಅನ್ನ, ಉಪ್ಪಿಟ್ಟು, ಅವಲಕ್ಕಿಗಳೆಂಬ ಸ್ವರಗಳು ತುಂಬಿವೆ. ವ್ಯಂಜನವೆಂಬುದು ತಾಟಿನ ಅಂಚಿಗೆ ಒಂದು ಚಮಚದಷ್ಟಾಗಿ ಉಳಿದಿದೆ.

ಈ ವ್ಯಂಜನಗಳು ಎಲ್ಲಿ ಹೋದವು? ಇದನ್ನು ನನ್ನ ತಾಯಿಯವರು ಒಂದೇ ಮಾತಿನಲ್ಲಿ ಹೇಳಿದರು: “ಆಗ ಪಲ್ಲೆ ಹೊಲದಾಗಿಂದ ಉಡಿಯೊಳಗ ಬರತಿತ್ತಪಾ. ಈಗ ಸಂತಿಯಿಂದ ಚೀಲದಾಗ ಬರತೈತಿ.” ಜೋಳದ ಹೊಲದಲ್ಲಿ ಅಕ್ಕಡಿಸಾಲುಗಳಿದ್ದವು. ತೊಗರಿ, ಮಡಕಿ, ಹೆಸರು, ಅಲಸಂದಿ, ಗುರೆಳ್ಳುಗಳನ್ನು ಜೊತೆಯಲ್ಲಿ ಬಿತ್ತುತ್ತಿದ್ದರು. ಬದುವಿನ ಗುಂಟ ಪುಂಡಿ ಬೆಳೆಯುತ್ತಿತ್ತು. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಹತ್ತರಕಿ, ರಾಜಗಿರಿ, ಕಿರಕಸಾಲಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಿದ್ದರು. ವೇದಗಂಗೆಯ ನೀರು ಹೊಲಗಳಿಗೆ ಏರಿದ ಮೇಲೆ ಕಬ್ಬು ಬಂದಿತು. ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಗಳು ಈ ಸೀಮೆಯ ರೈತನ ಕೈಗೆ ನಾಲ್ಕು ಕಾಸು ಕೊಟ್ಟವು. ಆ ಹಣದಿಂದಲೇ ನಮ್ಮ ಮಕ್ಕಳು ಓದಿದರು, ಈ ವಿದ್ಯಾಲಯದ ಕೊಠಡಿಗಳೂ ಎದ್ದವು. ಕಬ್ಬನ್ನು ನಿಂದಿಸಿದರೆ ಉಂಡ ಮನೆಗೆ ಎರಡು ಬಗೆದಂತಾದೀತು. ಆದರೆ ಬೆಳೆದು ನಿಂತ ಕಬ್ಬಿನ ನಡುವೆ ಅಕ್ಕಡಿಗೆ ಎಡೆಯಿಲ್ಲ. ಹೊಲದಲ್ಲಿ ಒಂದೇ ಬೆಳೆಯಾದಾಗ ತಾಟಿನಲ್ಲಿಯೂ ಒಂದೇ ಬಗೆಯಾಯಿತು. 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಯ ಹಸಿವು ಹಿಂಗಿತು. ಅದು ದೊಡ್ಡ ಪುಣ್ಯಕಾರ್ಯ. ಅದರ ಜೊತೆಗೆ ಅಕ್ಕಿ ಸುಲಭವಾಯಿತು, ಕಾಳು ತುಟ್ಟಿಯಾಗಿಯೇ ಉಳಿಯಿತು ಎಂಬುದನ್ನೂ ನಾವು ಮರೆಯಬಾರದು.

ಇನ್ನು ನಮ್ಮ ಮನೆಯಲ್ಲಿ ಮಾಡಿಕೊಂಡ ಮಾರ್ಪಾಟನ್ನು ಹೇಳುತ್ತೇನೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸಾಧಾರಣ ವಯಸ್ಕನೊಬ್ಬನ ದಿನದ ಊಟಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಾಲು ಅಥವಾ ಮೊಸರು 300 ಮಿ. ಲೀ. ಎಂದು ಲೆಕ್ಕ ಕೊಟ್ಟಿದ್ದಾರೆ. ನಮ್ಮ ಹಿರಿಯ ಸೊಸೆ ಒಂದು ವಾರದ ಖರ್ಚನ್ನು ತೂಗಿ ಬರೆದಿಟ್ಟಳು. ಹದಿಮೂರು ಜನಕ್ಕೆ ದಿನಕ್ಕೆ ಹಿಟ್ಟು ಮತ್ತು ಅಕ್ಕಿ ಸೇರಿ ನಾಲ್ಕೂವರೆ ಕಿಲೋ. ಬೇಳೆಕಾಳು ಕಾಲು ಕಿಲೋ. ತರಕಾರಿ ಒಂದೂವರೆ ಕಿಲೋ. ಮಾರ್ಗಸೂಚಿಯಂತಾದರೆ ಕಾಳೇ ಒಂದು ಕಿಲೋಕ್ಕೂ ಮಿಕ್ಕಿ ಬೇಕು, ತರಕಾರಿ ಐದು ಕಿಲೋ ಬೇಕು. ನಾವು ಬಡವರಲ್ಲ, ಆದರೂ ತಾಟಿನಲ್ಲಿ ಇಷ್ಟು ಬಡತನವಿತ್ತು!

ಈಗ ಧಾನ್ಯ ಮೂರು ಕಿಲೋಕ್ಕೆ ಇಳಿದಿದೆ, ಕಾಳು ಒಂದು ಕಿಲೋಕ್ಕೆ ಏರಿದೆ. ಕ್ರಮ ಕಠಿಣವಲ್ಲ. ಸಂಜೆಯ ವೇಳೆಗೆ ಮಡಕಿ, ಹೆಸರು, ಕಡಲೆ, ಅಲಸಂದಿಗಳಲ್ಲಿ ಒಂದನ್ನು ನೆನೆಯಿಡುತ್ತಾರೆ. ಮಡಕಿ, ಹೆಸರುಗಳಾದರೆ ಮರುದಿನ ನೀರು ಬಸಿದು ಅರಿವೆಯಲ್ಲಿ ಕಟ್ಟಿಡುವುದರಿಂದ ಮೊಳಕೆ ಬರುತ್ತವೆ. ಉಳ್ಳಾಗಡ್ಡಿ, ಬಳ್ಳುಳ್ಳಿ, ಖಾರ ಹಾಕಿದ ಒಗ್ಗರಣೆಯಲ್ಲಿ ದೊಡ್ಡ ಪಾತೆಲಿಯ ತುಂಬ ಉಸಳಿಯಾಗುತ್ತದೆ. ಪುಂಡಿಪಲ್ಲೆಗೆ ಜೋಳದ ನುಚ್ಚಿನ ಬದಲು ತೊಗರಿಬೇಳೆಯನ್ನು, ಹಿಡಿ ಶೇಂಗಾವನ್ನು ಕೂಡಿಸುತ್ತಾರೆ. ವಾರಕ್ಕೆರಡು ದಿನ ಕಡಲೆಹಿಟ್ಟಿನ ಝುಣಕ. ಎಣ್ಣೆಗಾಯಿಗೆ ಶೇಂಗಾ ಮತ್ತು ಗುರೆಳ್ಳಿನ ಪುಡಿ. ಎಣ್ಣೆ ಮಾತ್ರ ಹಿಡಿತದಲ್ಲಿ. ಅಗಸಿಯ ಹಿಂಡಿ, ಕೆನೆ ತೆಗೆದ ಮಜ್ಜಿಗೆ ದಿನವೂ ಇರುತ್ತವೆ. ಇವುಗಳಲ್ಲಿ ಪಟ್ಟಣದ ಅಂಗಡಿಯಿಂದ ತರತಕ್ಕ ಹೊಸ ವಸ್ತು ಒಂದೂ ಇಲ್ಲ. ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವಾಗ ನಾವು ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗುವ ಕಾಳುಪಲ್ಲೆ, ಭಜ್ಜಿಗಳನ್ನೇ ನಿತ್ಯದ ಊಟಕ್ಕೆ ತಂದದ್ದಷ್ಟೇ.

ಬಡಿಸುವ ಕ್ರಮವನ್ನೂ ಬದಲಿಸಿದೆವು. ಮೊದಲು ಪಚ್ಚಡಿ, ಆಮೇಲೆ ಉಸಳಿ-ಪಲ್ಲೆ, ಅವು ಅರ್ಧ ಮುಗಿದ ಮೇಲೆ ರೊಟ್ಟಿ, ಕೊನೆಗೆ ಬೇಕೆಂದವರಿಗೆ ಒಂದು ಸೌಟು ಅನ್ನ. ತರಕಾರಿ, ಕಾಳುಗಳನ್ನು ಮೊದಲು ಉಂಡು ಪಿಷ್ಟವನ್ನು ಕಡೆಗೆ ಉಂಡರೆ ಊಟದ ನಂತರ ಏರುವ ಸಕ್ಕರೆಯ ಪ್ರಮಾಣ ತಗ್ಗುತ್ತದೆಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಎಲೆಯ ಊಟದಲ್ಲಿ ಅನ್ನಕ್ಕೆ ಮುಂಚೆ ಕೋಸಂಬರಿ, ಪಲ್ಯಗಳನ್ನು ಬಡಿಸುವ ನಮ್ಮ ಪದ್ಧತಿಯನ್ನು ಈ ದೃಷ್ಟಿಯಿಂದ ನೋಡಿದರೆ ಸಂತೋಷವಾಗುತ್ತದೆ. ಆದರೆ ಬಡಿಸಿದುದನ್ನು ಮುಟ್ಟದೆ ಅನ್ನಕ್ಕಾಗಿ ಕಾಯುತ್ತ ಕೂಡ್ರುವುದು ನಮ್ಮ ಅಭ್ಯಾಸವಾಗಿದೆ!

ಎಲ್ಲರಿಗೂ ಒಂದೇ ಅಡುಗೆ ಎಂದರೆ ಎಲ್ಲರಿಗೂ ಒಂದೇ ಅಳತೆ ಎಂದು ಯಾರೂ ತಿಳಿಯಬಾರದು. ಹೊಲದಲ್ಲಿ ದುಡಿಯುವ ತಮ್ಮನಿಗೆ ಇಂದಿಗೂ ನಾಲ್ಕು ರೊಟ್ಟಿ ಬೇಕು; ಕುರ್ಚಿಯ ಮೇಲೆ ಕುಳಿತು ಪಾಠ ಹೇಳುವ ನನಗೆ ಎರಡು ಸಾಕು. ಬೆಳೆಯುವ ಮಕ್ಕಳ ರೊಟ್ಟಿಯನ್ನು ಎಣಿಸುವುದು ಪಾಪ. ಅವರಿಗೆ ಹೊಟ್ಟೆ ತುಂಬ ಬಡಿಸಿ, ಜೊತೆಗೆ ಕಾಳನ್ನು ಹೆಚ್ಚಿಸಬೇಕು. ಮಧುಮೇಹಕ್ಕೆ ಗುಳಿಗೆಯನ್ನೋ ಇನ್ಸುಲಿನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಪಿಷ್ಟವನ್ನು ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರಪಿಂಡದ ರೋಗವಿರುವವರು ಕಾಳಿನ ಪ್ರಮಾಣವನ್ನೂ ವೈದ್ಯರಿಂದಲೇ ತಿಳಿಯಬೇಕು. ಪಂಡಿತನ ಮಾತು ವೈದ್ಯನ ಮಾತಿಗೆ ಬದಲಿಯಾಗದು.

ಒಂದು ಆಕ್ಷೇಪಣೆ ನ್ಯಾಯವಾದುದು: ಕಾಳು ತುಟ್ಟಿ. ನಿಜ. ನಮ್ಮ ಮನೆಯಲ್ಲಿ ಅಕ್ಕಿ, ಸಕ್ಕರೆ, ಚಹಾದ ಜೊತೆಯ ಬಿಸ್ಕೀಟು, ಸಂತೆಯ ಕುರುಕಲುಗಳ ಖರ್ಚು ಇಳಿದು ಒಂದಿಷ್ಟು ಸರಿದೂಗಿತು, ಪೂರ್ಣ ಸರಿದೂಗಲಿಲ್ಲ. ಆದುದರಿಂದ ತಮ್ಮನು ಕಬ್ಬಿನ ಹೊಲದ ಒಂದು ಬದಿಗೆ ಹತ್ತು ಗುಂಟೆ ಬಿಟ್ಟು ಮಡಕಿ, ಅಲಸಂದಿ, ಪುಂಡಿಗಳನ್ನು ಬಿತ್ತಿದನು. ಹಿತ್ತಲಲ್ಲಿ ಎರಡು ನುಗ್ಗೆಯ ಗಿಡಗಳನ್ನು ಹಚ್ಚಿದೆವು. ಹತ್ತು ಗುಂಟೆಯ ಕಬ್ಬಿನ ಹಣ ಹೋಯಿತೆಂದು ನೆರೆಯವರು ನಕ್ಕರು. ಇಬ್ಬರು ರೋಗಿಗಳ ಔಷಧದ ಖರ್ಚನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈಗ ನನ್ನ ನಿಜವಾದ ಬಿನ್ನಹಕ್ಕೆ ಬರುತ್ತೇನೆ. ಇದು ದಾನಿಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕುರಿತದ್ದು. ನಾನೂ ಪ್ರಸಾದನಿಲಯದ ಅನ್ನವನ್ನುಂಡು ಓದಿದವನು. ಆ ಋಣವನ್ನು ತೀರಿಸಲಾರೆ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬುದು ಶರಣರು ಹಾಕಿಕೊಟ್ಟ ದಾರಿ. ಮಗನ ಹುಟ್ಟುಹಬ್ಬಕ್ಕೆ, ತಂದೆಯವರ ಪುಣ್ಯಸ್ಮರಣೆಗೆ ದಾನಿಗಳು ನಮ್ಮ ಮಕ್ಕಳಿಗೆ ಗೋಧಿಹುಗ್ಗಿಯ ಊಟ ಮಾಡಿಸುತ್ತಾರೆ. ಅಕ್ಕಿಯ ಚೀಲ, ಸಕ್ಕರೆಯ ಚೀಲ ಕಳಿಸುತ್ತಾರೆ. ಅವರ ಭಕ್ತಿಗೆ ಶರಣು. ಆದರೆ ನಿತ್ಯದ ಪ್ರಸಾದದಲ್ಲಿ ಅನ್ನ ಬೆಟ್ಟದಷ್ಟು, ಸಾರಿನಲ್ಲಿ ಬೇಳೆ ಹುಡುಕುವಷ್ಟು ಎಂಬ ಸ್ಥಿತಿ ಇರುವಾಗ ಮತ್ತೊಂದು ಸಕ್ಕರೆಯ ಚೀಲ ಮಕ್ಕಳಿಗೆ ಎಷ್ಟು ಹಿತವನ್ನು ಮಾಡೀತು? ಹದಿಹರೆಯದಲ್ಲಿ ಕಲಿತ ನಾಲಗೆ ಐವತ್ತರಲ್ಲಿ ಬದಲಾಗುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ಕೊಡುವ ವಸ್ತುವನ್ನು ಬದಲಿಸಿದರೆ ದಾಸೋಹದ ಘನತೆ ಕುಂದುವುದಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳ ತಾಯಂದಿರು ತಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಬಡಿದು ಲಕ್ಷಗಟ್ಟಲೆ ಕಳಿಸುವುದನ್ನು ನಾಡೇ ಕಂಡಿದೆ. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ನಡೆಸಿದ ದಾಸೋಹದಲ್ಲಿ ರಾಗಿಯ ಮುದ್ದೆಗೆ ಸ್ಥಾನವಿತ್ತು. ಅದನ್ನು ಯಾರೂ ಕೀಳೆಂದು ಭಾವಿಸಲಿಲ್ಲ. ಭಕ್ತರ ಹೊಲದಲ್ಲಿ ಬೆಳೆದುದು ಮಕ್ಕಳ ತಾಟಿಗೆ ಬರುವುದೇ ದಾಸೋಹದ ಸಹಜ ರೀತಿ.

ಲೆಕ್ಕ ಸರಳವಾಗಿದೆ. ನೂರು ಮಕ್ಕಳಿಗೆ ತಲೆಗೆ 85 ಗ್ರಾಂನಂತೆ ದಿನಕ್ಕೆ ಎಂಟೂವರೆ ಕಿಲೋ ಕಾಳು ಬೇಕು. ಒಂದು ಕ್ವಿಂಟಲ್ ಮಡಕಿಯನ್ನೋ ಹೆಸರನ್ನೋ ಒಬ್ಬ ದಾನಿ ಕೊಟ್ಟರೆ ಅದು ಹನ್ನೊಂದು ದಿನಕ್ಕೂ ಮಿಕ್ಕಿ ಸಾಗುತ್ತದೆ. ಹುಗ್ಗಿಯ ಊಟ ಒಂದು ಹೊತ್ತಿಗೆ ಮುಗಿಯುತ್ತದೆ. ಅವರ ತಂದೆಯವರ ಹೆಸರು ಹನ್ನೊಂದು ದಿನ ಪ್ರಸಾದದ ಮುಂದೆ ನುಡಿಯಲ್ಪಡಲಿ. ಬಸವಜಯಂತಿಗೆ, ಜಾತ್ರೆಗೆ ಹುಗ್ಗಿ ಇರಲಿ. ಹಬ್ಬಕ್ಕೆ ಸಿಹಿ ಬೇಕು. ಉಳಿದ ದಿನಗಳ ಸೇವೆ ಕಾಳಿನ ರೂಪದಲ್ಲಿ, ಶೇಂಗಾದ ರೂಪದಲ್ಲಿ, ಹಾಲಿನ ರೂಪದಲ್ಲಿ ಬರಲಿ. ಹೊಲವುಳ್ಳ ಹಳೆಯ ವಿದ್ಯಾರ್ಥಿಗಳು ಕಬ್ಬಿನ ಬದಿಗೆ ನಾಲ್ಕು ಸಾಲು ಕಾಳನ್ನು ಮಠದ ಹೆಸರಿನಲ್ಲಿ ಬಿತ್ತಲಿ. ಶಿಕ್ಷಕ ಬಂಧುಗಳು ಶಾಲೆಯ ಬಯಲಿನ ಅಂಚಿಗೆ ಹುಡುಗರಿಂದ ನುಗ್ಗೆ, ಕರಿಬೇವು, ಪುಂಡಿಗಳನ್ನು ಹಚ್ಚಿಸಲಿ. ಗಣಿತದ ಗುರುಗಳು ಪ್ರಸಾದನಿಲಯದ ಒಂದು ವಾರದ ಅಡುಗೆಯನ್ನು ಮಕ್ಕಳಿಂದಲೇ ತೂಗಿಸಿ ಬರೆಯಿಸಲಿ. ಇದೇ ಮುಂದಿನ ವರುಷದ ಸಂಚಿಕೆಗೆ ಒಳ್ಳೆಯ ಲೇಖನವಾದೀತು.

ಪ್ರಸಾದನಿಲಯದಲ್ಲಿ ಅಡುಗೆ ಮಾಡುವ ತಾಯಂದಿರೂ ಅದೇ ಹೊತ್ತಿಗೆ, ಅದೇ ಉಸಳಿ-ಪಲ್ಲೆಯನ್ನು ಉಣ್ಣುವ ಏರ್ಪಾಡಾಗಬೇಕು. ಎಲ್ಲರೂ ಉಂಡು ಎದ್ದ ಮೇಲೆ ತಳದಲ್ಲಿ ಉಳಿದ ಅನ್ನ ಅವರ ಪಾಲಾಗಬಾರದು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವೇನೆಂಬುದನ್ನು ಆರಂಭದಲ್ಲಿಯೇ ನಿವೇದಿಸಿದ್ದೇನೆ.

ನಮ್ಮ ಮನೆಯಲ್ಲಿ ಈಗ ‘ಯಜಮಾನರ ಊಟ’ವೆಂಬ ಮಾತಿಲ್ಲ. ರಾತ್ರಿ ಹದಿಮೂರು ತಾಟುಗಳನ್ನು ಒಮ್ಮೆಲೇ ಇಡುತ್ತಾರೆ. ಬೋಗುಣಿ-ಪಾತೆಲಿಗಳನ್ನು ನಡುವೆ ಇಟ್ಟು ಎಲ್ಲರೂ ಕೂಡ್ರುತ್ತೇವೆ. ಯಾರಿಗೆ ಬೇಕೋ ಅವರು ನೀಡಿಕೊಳ್ಳುತ್ತಾರೆ. ಮನೆಯಾಕೆಯ ಗಾಯ ಮಾಯ್ದಿದೆ. ಔಷಧ ಮುಂದುವರಿದಿದೆ, ಸಕ್ಕರೆ ಹತೋಟಿಯಲ್ಲಿದೆ. ಆಕೆ ಏನು ಉಂಡಳೆಂದು ಕೇಳುವ ಪ್ರಸಂಗ ಈಗ ನನಗಿಲ್ಲ, ಎದುರಿಗೇ ಕುಳಿತಿರುತ್ತಾಳೆ. ಇಂಥ ಒಂದು ಪಂಕ್ತಿ ನಮ್ಮ ವಾಚಕರ ಮನೆಗಳಲ್ಲಿಯೂ ನಮ್ಮ ಈ ಪ್ರಸಾದನಿಲಯದಲ್ಲಿಯೂ ಏರ್ಪಡಲೆಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ, ಅಧಿಕಪ್ರಸಂಗವಾಗಿದ್ದರೆ ಹಿರಿಯರು ಮನ್ನಿಸಬೇಕೆಂದು ಬೇಡಿ, ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ. ಶರಣು ಶರಣಾರ್ಥಿ.